ರಾಮೇಶ್ವರದಿಂದ ಬಂದ ಹಾವಸಿ

ಹಿಡಕಲ್
12 ಜೂನ್ 2024

ಮೊಮ್ಮಗಳು ವಿಜಯಶ್ರೀಗೆ,

ನಿಮ್ಮವ್ವನ ಅವ್ವ, ನಿನ್ನ ಆಯಿ ಸತ್ತೆವ್ವ ಬರಿಯೂದು. ನಾಕನೇ ಇಯತ್ತೆ ತನಕ ಸಾಲಿ ಕಲತಾಕಿ ಅಕ್ಷರ, ನಗಬ್ಯಾಡ. ಫೋನಿನ್ಯಾಗ ನೀ ಏನ ಮಾತಾಡಿದ್ರೂ ನನ್ನ ಕಿವಿಗೆ ಬೀಸೂಕಲ್ಲ ತಿರುವಿದಂಗ ಕೇಳತೈತಿ. ನಿಮ್ಮ ಮಾವ ದುರ್ಗಪ್ಪನ್ನ ಕೇಳಿದ್ರ "ಅಕಿ ಆರಾಮ ಅದಾಳ" ಅಂತ ಮುಗಸ್ತಾನ. ಡ್ಯಾಮಿನ ಗೇಟ್ ಎತ್ತಿ ಎತ್ತಿ ಅವಂಗ ಮಾತೂ ಅಳದು ಬಿಡೂ ಚಟ ಹತ್ತೈತಿ. ಅದಕ್ಕ ಕಾಗದ. ನೀನೂ ಕಾಗದನ ಬರಿ, ದಪ್ಪ ಅಕ್ಷರ ಇರಲಿ.

ಈ ವರ್ಷ ಹಿನ್ನೀರು ಭಾಳ ಹಿಂದ ಸರದೈತಿ. ಮುಳುಗಿದ ನಮ್ಮ ಊರಿನ ಬಾವಿ ಮೆಟ್ಟಲ ಮೂಡ್ಯಾವ. ಐವತ್ತ ವರ್ಷ ನೀರಾಗ ಕುಂತರೂ ಒಂದ ಕಲ್ಲ ಅಲಗಾಡಿಲ್ಲ. ನಾವು ಹೊರಗಿದ್ದವರು ಎಲ್ಲಾ ಅಲಗಾಡಿ ಹೋಗೇವಿ. ನಾನೂ ಪದ್ಮಿನೂ ಹೋಗಿ ಮ್ಯಾಲಿನ ಮೆಟ್ಟಲ ಮ್ಯಾಲ ಕುಂತು ಬಂದ್ವಿ.

ಪದ್ಮಿ ಅಂದ್ರ ಎದರ ಮನಿ ಪದ್ಮವ್ವ. ನೀ ಪದ್ಮಕ್ಕಾಯಿ ಅಂತಿದ್ದಿ, ನಿನಗ ಸಕ್ಕರಿ ಕೊಬ್ಬರಿ ಕೊಡಾಕಿ. ಆ ಊರಾಗ ನಾವಿಬ್ಬರೂ ಕೂಡಿ ಆಡಿದವರು. ನಮ್ಮ ಪುಣ್ಯಾಕ ಈ ಹೊಸ ಊರಾಗೂ ಎದರಾಬದರ ಮನಿಗೆ ಕೊಟ್ರು. ಅವರು ಜೈನರು, ಉಳ್ಳಾಗಡ್ಡಿ ಮುಟ್ಟಂಗಿಲ್ಲ, ಹೊತ್ತ ಮುಳುಗಿದ ಮ್ಯಾಲ ತುತ್ತ ಎತ್ತಂಗಿಲ್ಲ. ಈಗ ಅಕಿ ಎದಿಯಾಗ ಗಂಟ ಆಗೈತಿ. ಕೆಟ್ಟ ಗಂಟ. ಬೆಳಗಾವಿ ದವಾಖಾನ್ಯಾಗ ಇಪ್ಪತ್ತೊಂದ ದಿನಕ್ಕೊಮ್ಮೆ ಸಲಾಯಿನ್ ಏರಸ್ತಾರ. ಒಟ್ಟ ಆರು. ಎರಡ ಆಗ್ಯಾವ. ಏರಿಸಿದ ಮ್ಯಾಲ ನಾಕ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ. ತಲಿ ಎಲ್ಲಾ ಬೋಳಾಗೈತಿ. ಹೋದ ವಾರ ಬಾವಿ ಮೆಟ್ಟಲ ಮ್ಯಾಲ ಕುಂತಾಗ "ಸಾಕಾತು ಸತ್ತಿ" ಅಂದ್ಲು. ನಾ "ಬಾಯಿ ಮುಚ್ಚು, ನಿನಕಿಂತ ಮೊದಲ ನಾ ಹೊಂಟಾಕಿ, ಪಾಳಿ ತಪ್ಪಸಬ್ಯಾಡ" ಅಂದೆ.

ಆ ಮೆಟ್ಟಲ ಮ್ಯಾಲ ಮೊದಲ ಹಸರ ಹಾವಸಿ ಬೆಳೀತಿತ್ತು, ಜಾರತಿತ್ತು. ಪದ್ಮಿ ಅದನ್ನ ತುಳೀತಿದ್ದಿಲ್ಲ, ಬಳಸಿ ಇಳೀತಿದ್ಲು. "ಸೂಜಿ ಮೊನಿ ಊರೂವಷ್ಟ ಹಾವಸಿಯೊಳಗ ಎಣಸಲಾರದಷ್ಟ ಜೀವ ಇರ್ತಾವ" ಅಂತಿದ್ಲು. ನಾ ತುಳದು, ಬಿದ್ದು, ಮುಂದಿನ ಹಲ್ಲ ಕಳಕೊಂಡೆ. ಆ ಸಂದಿಯಾಗಿಂದ ಬರೂದಕ್ಕ ನನ್ನ ಮಾತ ಇಷ್ಟ ಚೂಪ ಅಂತ ಇನ್ನೂ ಅಂತಾಳ.

ಅವರವ್ವ ಬಾವಿ ನೀರ ಬಿಳೇ ಅರಿವಿಯೊಳಗ ಸೋಸಿ, ಅರಿವಿಯೊಳಗ ಉಳದ ಸಣ್ಣ ಜೀವಾನ ಮತ್ತ ಅದ ಬಾವಿಗೇ ಒಯ್ದು ಬಿಡತಿದ್ಲು. ನಾವು ಊರ ಬಿಡೂ ದಿನಾನೂ ಸೋಸಿದ್ಲು. ಗಾಡಿ ಹೂಡಿ ನಿಂತಿತ್ತು. ಅಷ್ಟ ಮೆಟ್ಟಲ ಇಳದು ಬಿಟ್ಟ ಬಂದ್ಲು. "ವಾರದಾಗ ಊರಿಗೆ ಊರ ಮುಳುಗತೈತಿ, ಈಗ ಯಾಕ" ಅಂತ ಮಂದಿ ನಕ್ಕರು. "ಅವುಕ್ಕ ಅವುರ ಮನಿ" ಅಂದು ಗಾಡಿ ಹತ್ತಿದ್ಲು.

ನೀ ರಾಮೇಶ್ವರದಾಗ ಸಮುದ್ರದ ಪಾಚಿ ಮ್ಯಾಲ ಸಂಶೋಧನೆ ಮಾಡತಿ ಅಂತ ನಿಮ್ಮವ್ವ ಹೇಳಿದ್ಲು. ಇಲ್ಲೇ ಬಾಜೂಕ ಗೋಕಾಕದಾಗ ಹಾವಸಿ ಇದ್ದಿಲ್ಲೇನ, ಅಷ್ಟ ದೂರ ಹೋಗಾಕ? ಅದರಿಂದ ಏನ ಆಗತೈತಿ, ತಿಳಿಯೂವಂಗ ಬರಿ.

ಸತ್ತೆವ್ವ

*

ರಾಮೇಶ್ವರದ ದಂಡಿ
27 ಜೂನ್ 2024

ಆಯಿ,

ನಿನ್ನ ಕಾಗದ ನಾಕ ಸಲ ಓದಿದೆ. ನನ್ನ ಅಕ್ಷರ ದಪ್ಪ ಅದಾವಿಲ್ಲೋ ನೋಡು.

ಇಲ್ಲಿ ಸಮುದ್ರ ನಿಮ್ಮ ಹಿನ್ನೀರಿನಂಗ ಸುಮ್ಮ ಇರತೈತಿ, ತೆರಿ ಕಡಿಮಿ. ಹೆಣ್ಣಮಕ್ಕಳು ಬೆರಳಿಗೆ ಅರಿವಿ ಸುತ್ತಕೊಂಡು ಮುಳುಗಿ ಹಾವಸಿ ಕಿತ್ತ ತರತಾರ. ನನಗೂ ಮುಳುಗೂದು ಕಲಿಸ್ಯಾರ. ತಳದಾಗ ಒಂದ ಅಡವಿ ಐತಿ ಆಯಿ. ಕೆಂಪು, ಕಂದು, ಹಸರು. ಗಾಳಿ ಇಲ್ಲದ ಅಡವಿ ತೂಗತಿರತೈತಿ, ಯಾರೋ ತೊಟ್ಟಿಲಾ ತೂಗಿ ಎದ್ದ ಹ್ವಾದಂಗ. ಒಳಗ ಏನೂ ಕೇಳಂಗಿಲ್ಲ. ನಿನ್ನ ಕಿವಿಯೊಳಗ ಹಿಂಗಾ ಇರಬೇಕು ಅನಸ್ತು. ನಿಮ್ಮ ಮುಳುಗಿದ ಊರಾಗೂ ಓಣಿ ತುಂಬ ಇಂಥಾದ್ದ ಏನರ ಬೆಳದಿರಬೇಕು.

ಕೆಲಸ ಕೇಳಿದ್ದಿ. ಹಾವಸಿನ್ನ ನೆಳ್ಳಾಗ ಒಣಗಿಸಿ, ಬೀಸಿ, ಸ್ಪಿರಿಟಿನ್ಯಾಗ ನೆನಸಿ ಸೋಸತೇನಿ. ಸ್ಪಿರಿಟ್ ಆರಿಸಿದ್ರ ತಳದಾಗ ಬೆಲ್ಲದ ಅಂಟಿನಂಥಾದ್ದು ಉಳೀತೈತಿ. ಅದನ್ನ ಗಾಜಿನ ತಟ್ಟಿಯೊಳಗ ಬೆಳಸಿದ ಕ್ಯಾನ್ಸರ್ ಜೀವಕೋಶದ ಮ್ಯಾಲ ಹಾಕಿ ನೋಡತೇನಿ. ಹೋದ ವಾರ ಒಂದ ಕೆಂಪ ಹಾವಸಿಯಿಂದ ತಗದದ್ದು ಹಾಕಿದ್ದೆ. ಮೂರ ದಿನದಾಗ ಅರ್ಧಕ್ಕಿಂತ ಹೆಚ್ಚ ಸತ್ತ ಬಿದ್ದಿದ್ವು. ಪದ್ಮಕ್ಕಾಯಿಗೆ ಆಗೈತೆಲ್ಲ, ಎದಿ ಗಂಟು, ಅದ ಜಾತಿ ಕೋಶ. ನಾ ಒಬ್ಬಾಕೀನ ಕುಣದೆ. ಇದಿನ್ನ ಗಾಜಿನ ತಟ್ಟಿ ಮಾತು, ಔಷಧ ಅಲ್ಲ. ಆದ್ರೂ ನಿನಗ ಹೇಳಬೇಕು ಅನಸ್ತು.

ಕಾಗದದ ಕೂಡ ಒಂದ ದಪ್ಪ ಹಾಳಿ ಇಟ್ಟೇನಿ. ಅದ ಕೆಂಪ ಹಾವಸಿ. ತಟ್ಟಿ ನೀರಾಗ ತೇಲಬಿಟ್ಟು, ಕೆಳಗ ಹಾಳಿ ಇಟ್ಟು ಮೆಲ್ಲಕ ಎತ್ತಿದ್ರ ಗಿಡ ಹೆಂಗಿತ್ತೋ ಹಂಗ ಅಂಟಕೊಂಡ ಒಣಗತೈತಿ. ನಿನಗಂತನ ಮಾಡೇನಿ. ಜ್ವಾಕಿ.

ವಿಜಿ

*

ಹಿಡಕಲ್
14 ಜುಲೈ 2024

ವಿಜಿ,

ನೀ ಕಳಿಸಿದ್ದು ಮುಟ್ಟಿತು. ಸೊಸಿ ತಗದು "ಅತ್ತಿ, ಚಿತ್ರಾ ಎಷ್ಟ ಛಂದ ಐತಿ" ಅಂದ್ಲು. ಅಕಿಗೆ ಎಲ್ಲಾ ಚಿತ್ರಾನ. ನಾ ಕೈಯಾಗಿಂದ ಕಸಗೊಂಡೆ.

"ಔಷಧ ಅಲ್ಲ" ಅಂತ ನೀ ಬರದದ್ದು ಯಾಕ ಅಂತ ನನಗ ತಿಳೀತು. ಸರಕಾರದ ಕೆಲಸ, ಬಾಯಿಬಿಟ್ಟ ಬರದ್ರ ನೌಕರಿಗೆ ಸಂಚಕಾರ. ಶ್ಯಾಣ್ಯಾಕಿ. "ನಿನಗಂತನ ಮಾಡೇನಿ, ಜ್ವಾಕಿ" ಅಂದಿ, ಸಾಕು. ಟಪಾಲದಾಗ ಬಂದದ್ದನ್ನ ಏನ ಮಾಡಬೇಕಂತ ನನಗ ಕಲಸಬೇಕೇನ? ನಿಮ್ಮ ಮುತ್ಯಾ ಮಿಲಿಟರಿಯಾಗ ಇದ್ದಾಗ ನಮ್ಮತ್ತಿ ಚಿಂಚಲಿ ಮಾಯಕ್ಕನ ಗುಡಿ ಭಂಡಾರ, ಅರಿಷಿಣ ಪುಡಿ, ಹಾಳಿಯಾಗ ಮಡಚಿ ಕಳಸ್ತಿದ್ಲು. ಅಂವ ನಾಲಿಗಿಗೆ ಹಚ್ಚಿಕೊಂಡು ಮ್ಯಾಲ ನೀರ ಕುಡೀತಿದ್ದ. ಗುಂಡ ಬಾಜೂಕ ಹೋದ್ವು, ಅಂವಗ ಹತ್ತಲಿಲ್ಲ. ಇದಂತೂ ರಾಮೇಶ್ವರದ್ದು.

ಅರ್ಧ ಪದ್ಮಿಗೆ ಮುಟ್ಟೈತಿ. ಅರ್ಧ ನನ್ನ ಡಬ್ಬಿಯಾಗೈತಿ. ಇನ್ನೊಂದ ನಾಕ ಹಾಳಿ ಕಳಿಸು.

ಬೆಳಗಾವಿದು ಮೂರನೇದ್ದು ಒಂದನೇ ತಾರೀಖಿಗೆ ಆತು. ಇಪ್ಪತ್ತೆರಡಕ್ಕ ನಾಕನೇದ್ದು. ಹೋಗತಾಳ, ನೀ ಕಾಳಜಿ ಮಾಡಬ್ಯಾಡ.

ನಿನ್ನ ಅಡವಿ ನನ್ನ ಕನಸಿನ್ಯಾಗ ಬಂದಿತ್ತು. ಡ್ಯಾಮಿನ ನೀರು ಉಪ್ಪಾಗಿತ್ತು. ದುರ್ಗಪ್ಪ ಗೇಟ್ ಎತ್ತಿದ್ರ ಹೊರಗ ಹೋಗೂ ಬದಲಿ ಸಮುದ್ರನ ಒಳಗ ಬಂತು. ನಮ್ಮ ಬಾವಿಯೊಳಗಿಂದ ಒಂದ ಕೆಂಪ ಗಿಡ ಎದ್ದಿತ್ತು, ಹುಣಚಿ ಗಿಡದಷ್ಟ ದೊಡ್ಡದು. ಪದ್ಮಿ ಅದರ ಬುಡಕ್ಕ ಕುಂತಿದ್ಲು. ಕೂದಲ ಮೊಣಕಾಲ ತನಕ ಇಳದು ನೀರಾಗ ತೂಗತಿತ್ತು. ನಾ ಕರದೆ. ಅಕಿಗೆ ಕೇಳಲಿಲ್ಲ. ಕಿವುಡಿ ನಾನೋ ಅಕಿನೋ ಅಂತ ವಿಚಾರ ಮಾಡಕೋತ ಎದ್ದೆ.

ಸತ್ತೆವ್ವ

*

ರಾಮೇಶ್ವರದ ದಂಡಿ
29 ಜುಲೈ 2024

ಆಯಿ,

ಒಂದ ಹಾಳಿ ಹರದು ಅರ್ಧ ಪದ್ಮಕ್ಕಾಯಿಗೆ ಕೊಟ್ಟಿ, ನಿನ್ನ ಗೆಳೆತನ ಅಂದ್ರ ಗೆಳೆತನ. ಡಬ್ಬಿಯಾಗ ಯಾಕ ಇಡತಿ, ಗ್ವಾಡಿಗೆ ಹಚ್ಚು. ಹಿಡಕೋ, ಮೂರ ಹಾಳಿ. ಒಂದರಾಗ ಹಾವಸಿ ನವಿಲಗರಿಯಂಗ ಬಿಚ್ಚಕೊಂಡೈತಿ. ಅದು ಅಕಿಗೆ. ಹಾಸಗಿ ಎದರಿಗೆ ಹಚ್ಚಾಕ ಹೇಳು, ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳಂದಿ.

ಇಲ್ಲಿ ಎಲ್ಲಾ ಛಲೋ ನಡದೈತಿ. ನಮ್ಮ ಗೈಡ್ ಮೇಡಂ ಇನ್ನೊಂದ ಪರೀಕ್ಷೆ ಮಾಡಾಕ ಹೇಳಿದ್ರು, ಮಾಡೇನಿ. ಈಗ ನೀರ ರಾಡಿ ಆಗೈತಿ, ಮುಳುಗಿದ್ರ ಕೈ ಕಾಣಂಗಿಲ್ಲ. ಆದ್ರೂ ಮುಳುಗತೇನಿ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ ನೋಡು.

ನಾಕನೇದ್ದು ಆತಲ್ಲ? ಅಕಿಗೆ ನಿಂಬಿಹಣ್ಣಿನ ಪಾನಕ ಕೊಡು, ವಾಂತಿ ಕಡಿಮಿ ಆಗತಾವ.

ವಿಜಿ

*

ಹಿಡಕಲ್
24 ಆಗಸ್ಟ್ 2024

ವಿಜಿ,

ಡ್ಯಾಮ್ ತುಂಬೈತಿ. ಬಾವಿ ಮೆಟ್ಟಲ ಮತ್ತ ಒಳಗ ಹೋದ್ವು. ಮುಂಜಾನಿ ನೀರಿನ ಮ್ಯಾಲ ಮಂಜ ಕುಂತಿರತೈತಿ. ಎಲ್ಲಿ ನೀರು, ಎಲ್ಲಿ ಮುಗಲ ಅಂತ ತಿಳಿಯಂಗಿಲ್ಲ. ಮೀನದವರ ತೆಪ್ಪ ಮುಗಲಾಗ ಹೊಂಟಂಗ ಕಾಣಸತಾವ.

ಈಗ ಕೇಳು, ನೀ ಮತ್ತ ಕುಣಿಯೂ ಮಾತ. ಪದ್ಮಿ ತಲಿಯೊಳಗ ಕೂದಲ ಮೂಡ್ಯಾವ! ಹೊಸಾ ಕುರಿಮರಿ ಮೈ ಮುಟ್ಟಿದಂಗ ಆಗತೈತಿ. ಮಾರಿ ಮ್ಯಾಲ ಕಳಾ ಬಂದೈತಿ. ಮೊನ್ನಿ ಬಸದಿ ತನಕ ನಡಕೋತ ಹೋಗಿ ಬಂದ್ಲು. ಅಕಿ ಮನಿಯಾಗ ಎಲ್ಲಾರಿಗೂ ಛಲೋ ಆಗೈತಿ. ಬೆಕ್ಕ ಸೈತ ದಪ್ಪ ಆಗೈತಿ.

ಹ್ಯಾಂಗ ಅಂತಿ? ನೀ ಕಳಿಸಿದ್ದನ್ನ ಹಾಳಿ ಮ್ಯಾಲಿಂದ ಕೆರದು, ಒಳ್ಳಾಗ ಕುಟ್ಟಿ ಪುಡಿ ಮಾಡೇನಿ. ದಿನಾ ಒಂದ ಚಿಟಿಕಿ, ನಮ್ಮ ಎಮ್ಮಿ ಹಾಲಿನ್ಯಾಗ, ಅರಿಷಿಣ ಬೆಲ್ಲ ಹಾಕಿ ಮುಂಜಾನಿ ಒಯ್ದ ಕೊಡತೇನಿ. "ಇಟ್ಟ ಹೋಗು, ಜಪ ಮುಗಿಸಿ ಕುಡೀತೇನಿ" ಅಂತಾಳ. ಹಾವಸಿ ಅಂತ ಹೇಳಿಲ್ಲ. ಹೇಳಿದ್ರ ಮುಗದ ಹೋತು, ಮೆಟ್ಟಲ ಮ್ಯಾಲ ತುಳಿಯಲಾರದಾಕಿ ಹೊಟ್ಟಿಗೆ ಹಾಕತಾಳೇನ? "ರಾಮೇಶ್ವರದ ಮೂಲಿಕಿ, ವಿಜಿ ಕಂಡ ಹಿಡದ ಔಷಧ" ಅಂದೇನಿ. ಸುಳ್ಳೇನಲ್ಲ. ಸ್ವಲ್ಪ ಸಮುದ್ರ ಬಿಟ್ಟ ಹೇಳೇನಿ, ಅಷ್ಟ.

ಮೂರೂ ಹಾಳಿ ಮುಗೀಲಿಕ್ಕೆ ಬಂದಾವ. ಹಾಳಿಗೆ ಹಚ್ಚೂ ತ್ರಾಸ ತಗೋಬ್ಯಾಡ, ಸುಮ್ಮ ಒಂದ ಕಿಲೋ ಒಣಗಿಸಿ ಕಳಿಸು.

ಬೆಳಗಾವಿಗೆ ಹೋಗಿ ಬರತಾಳ, ಎಲ್ಲಾ ಸರಿ ನಡದೈತಿ.

ಸತ್ತೆವ್ವ

*

ರಾಮೇಶ್ವರದ ದಂಡಿ
29 ಆಗಸ್ಟ್ 2024
ಸ್ಪೀಡ್ ಪೋಸ್ಟ್

ಆಯಿ,

ಆ ಸಲಾಯಿನ್ ನಡದಾಗ ಕೂದಲ ಹಿಂಗ ಬರಂಗಿಲ್ಲ. ಬಿಟ್ಟಾಗ ಬರತಾವ. ಅಕಿ ಬೆಳಗಾವಿಗೆ ಹೋಗಿಲ್ಲ. ಜುಲೈದ್ದೂ ಹೋಗಿಲ್ಲ, ಆಗಸ್ಟದ್ದೂ ಹೋಗಿಲ್ಲ. ಹೌದಲ್ಲ?

ನಿನ್ನ ಕಾಗದ ಬಂದ ಕೂಡ್ಲೆ ಅಕಿ ಮಗ ಗೊಮ್ಮಟೇಶ ಮಾಮಾಗ ಫೋನ್ ಮಾಡಿದೆ. ನಾ ಬಾಯಿ ತಗಿಯೂದ್ರಾಗ "ನಿನ್ನ ಔಷಧ ಛಲೋ ಹತ್ತೈತಿ ತಂಗಿ, ಉಪಕಾರ ಆತು" ಅಂದ್ರು. ಔಷಧ ಅಲ್ಲ ಅಂತ ತಿಳಿಸಿ ಹೇಳಿದೆ. ಫೋನ್ ಇಟ್ರು. ಸಂಜಿಗೆ ತಾವ ಮಾಡಿದ್ರು. "ಅವ್ವಗ ಹೇಳಿದೆ, ಕೇಳವಲ್ಲಳು. ದವಾಖಾನಿ ಅಂದ್ರ 'ನನಗ ಸತ್ತಿ ಕೊಡೂದು ಸಾಕು' ಅಂತಾಳ. ಸತ್ತೆವ್ವಾಯಿನ ಬಂದ ಹೇಳಬೇಕು" ಅಂದ್ರು. ಅದಕ್ಕ ಬರಿಯಾಕತ್ತೇನಿ. ನೀನ ಹೇಳಬೇಕು.

ನಿನ್ನ ಮ್ಯಾಲ ಸಿಟ್ಟ ಮಾಡಾಕ ಕುಂತೆ, ಆಗಲಿಲ್ಲ. ನನ್ನ ತಪ್ಪೂ ಐತಿ. ಇನ್ನೊಂದ ಪರೀಕ್ಷೆ ಅಂತ ಬರದಿದ್ದೆನಲ್ಲ? ಆ ಅಂಟನ್ನ ಒಳ್ಳೆ ಕೋಶದ ಮ್ಯಾಲ ಹಾಕಿ ನೋಡೂದು. ಅವೂ ಸತ್ತುವು ಆಯಿ. ಕೆಟ್ಟವು ಎಷ್ಟೋ ಇವೂ ಅಷ್ಟ. ಮೇಡಂ ಬೈಲಿಲ್ಲ. "ತಟ್ಟಿಯೊಳಗ ಉಪ್ಪ ಸುರುವಿದ್ರೂ ಕೋಶ ಸಾಯತಾವ. ಕೊಲ್ಲೂದು ಸಸಾರ, ಆರಿಸಿ ಕೊಲ್ಲೂದು ಕಠಿಣ" ಅಂದ್ರು. ಆ ಅಂಟಿನ್ಯಾಗ ನೂರ ಪದಾರ್ಥ ಇರತಾವ. ಒಂದೊಂದನ್ನೂ ಬಿಡಿಸಿ ನೋಡಬೇಕು. ಅದರಾಗ ಒಂದ ಆರಿಸಿ ಕೊಲ್ಲೂದು ಇರಬಹುದು, ಇರದಿರಬಹುದು. ವರ್ಷಗಟ್ಟಲೆ ಹಿಡೀತೈತಿ. ಜುಲೈದಾಗ ಇದು ನನಗ ಗೊತ್ತಿತ್ತು. ನೀ ಹೆಮ್ಮಿ ಪಡತಿದ್ದಿ, ಹೇಳಾಕ ಮನಸ ಆಗಲಿಲ್ಲ. "ಎಲ್ಲಾ ಛಲೋ" ಅಂತ ಬರದೆ.

ಬೆಳಗಾವಿ ಔಷಧ ಆ ಪರೀಕ್ಷೆಗಳನ್ನ ದಾಟಿ ಬಂದದ್ದು. ನನ್ನ ಹಾವಸಿ ಮೊದಲನೇ ಮೆಟ್ಟಲ ಮ್ಯಾಲ ಜಾರಿ ಬಿದ್ದೈತಿ. ನಾಳೇನ ಹೋಗ್ರಿ. ಹಾಲಿನ್ಯಾಗ ಏನ ಹಾಕಿದ್ದಿ, ಎಷ್ಟ ದಿನ ಹಾಕಿದ್ದಿ, ಡಾಕ್ಟರಿಗೆ ಮುಚ್ಚಬ್ಯಾಡ.

ಅಕಿಗೆ ಹಾವಸಿ ಅಂತ ತಿಳದ್ರ ನಿನ್ನ ಮಾರಿ ನೋಡತಾಳೋ ಇಲ್ಲೋ. ಆದ್ರೂ ಹೇಳು.

ವಿಜಿ

*

ಹಿಡಕಲ್
5 ಸೆಪ್ಟೆಂಬರ್ 2024

ವಿಜಿ,

ನಿನ್ನ ಕಾಗದ ಬಂದು ಮೂರ ದಿನ ಆತು. ಒಂದನೇ ದಿನ ದೇವರ ಮಾಡದಾಗ ಇಟ್ಟೆ. ಎರಡನೇ ದಿನ ಅಕ್ಕಿ ಡಬ್ಬಿಯಾಗ ಇಟ್ಟೆ. ಎಲ್ಲಿ ಇಟ್ರೂ ಅದರಾಗಿನ ಮಾತ ನನಗ ಕೇಳಾಕತ್ತಿತ್ತು, ಕಿವುಡಿಗೆ. ನಿನ್ನೆ ಎದ್ದ ಹ್ವಾದೆ.

ಪದ್ಮಿ ಕಟ್ಟಿ ಮ್ಯಾಲ ಅಕ್ಕಿ ಹಸನ ಮಾಡತಿದ್ಲು. ನಾ ಕೈಯಾಗ ಹಾಲ ಹಿಡದಿರಲಿಲ್ಲ.

"ಇವತ್ತ ಬರಿಗೈಲೆ ಬಂದಿ?" ಅಂದ್ಲು.

"ಪದ್ಮಿ, ನಾ ನಿನಗ ಕೊಟ್ಟದ್ದು ಔಷಧ ಅಲ್ಲ. ಮೂಲಿಕಿನೂ ಅಲ್ಲ. ಸಮುದ್ರದ ಹಾವಸಿ" ಅಂದೆ. ಕಂಬ ಹಿಡದ ನಿಂತಿದ್ದೆ.

ಅಕಿ ಅಕ್ಕಿಯಾಗಿಂದ ಕಲ್ಲ ಆರಸೂದು ಬಿಡಲಿಲ್ಲ. "ಅದರ ವಾಸನಿ ನಿನಗ ಬರಲಿಲ್ಲೇನ? ಹೌದವ್ವಾ, ನೀವು ಮೀನ ತಿನ್ನೂ ಮಂದಿ, ಎಲ್ಲಿಂದ ಬರಬೇಕು. ನನಗ ಮೊದಲನೇ ದಿನಾನ ಗೊತ್ತಾತು" ಅಂದು ಒಳಗ ಹ್ವಾದ್ಲು. ಬರೂವಾಗ ಕೈಯಾಗ ಒಂದ ಬಿಳೇ ಅರಿವಿ ಗಂಟ ಇತ್ತು, ನಿಂಬಿಹಣ್ಣಿನಷ್ಟ. ಬಿಚ್ಚಿ ತೋರಿಸಿದ್ಲು. ಕಂದು ಪುಡಿ, ಒಣಗಿ ಗಟ್ಟಿ ಆಗಿತ್ತು.

ದಿನಾ ಹಾಲ ಸೋಸ್ಯಾಳ ವಿಜಿ. ಒಂದ ಗುಟಕನೂ ಕುಡದಿಲ್ಲ. ಅರಿವಿಯೊಳಗ ಉಳದದ್ದು ಒಣಗಿಸಿ ಇಟ್ಟಾಳ, ಹಾಲ ಬೆಕ್ಕಿಗೆ ಹಾಕ್ಯಾಳ. ಅರವತ್ತ ವರ್ಷ ಅಕಿ ಸೋಸೂದು ನೋಡೇನಿ. ನನ್ನ ಶ್ಯಾಣೇತನಕ್ಕ ಅದೊಂದ ಹೊಳೀಲಿಲ್ಲ.

"ಗೊತ್ತಿದ್ದ ಮ್ಯಾಲ ಯಾಕ ಬಾಯಿ ಬಿಡಲಿಲ್ಲ?" ಅಂದೆ.

"ನೀ ದಿನಾ ಅಷ್ಟ ಆಸೆ ಮಾಡಿ ತರತಿದ್ದಿ. ಅದೊಂದ" ಅಂದ್ಲು. ಇನ್ನೊಂದ ಏನಂತ ಕೇಳಿದೆ. ಮರದಾಗಿನ ಅಕ್ಕಿ ಕೇರಿದ್ಲು. ಆಮ್ಯಾಲ ಅಂದ್ಲು: "ನನಗ ದವಾಖಾನಿ ಸಾಕಾಗಿತ್ತು ಸತ್ತಿ. ಬಿಡತೇನಿ ಅಂದ್ರ ಮಗ ಕೇಳತಿದ್ದಿಲ್ಲ. ನೀ ಔಷಧ ಐತಿ ಅಂದಿ, ನನಗ ನೆವ ಸಿಕ್ತು. ಗೊಮ್ಮಟೇಶ ಕೇಳಿದಾಗೊಮ್ಮೆ ನಿನ್ನ ಹಾಲಿನ ವಾಟಗಾ ತೋರಸ್ತಿದ್ದೆ."

ನೋಡು ಹೆಂಗಾತು. ನಾ ಅಕಿಗೆ ಸುಳ್ಳ ಕುಡಿಸಿದೆ ಅಂತ ತಿಳದಿದ್ದೆ. ಅಕಿ ಅದನ್ನೂ ಸೋಸಿ, ತನಗ ಬೇಕಾದಷ್ಟ ಇಟಗೊಂಡಿದ್ಲು.

"ನಾಳಿ ಬೆಳಗಾವಿಗೆ ನಡಿ" ಅಂದೆ. "ಒಲ್ಲೆ" ಅಂದ್ಲು. ಸಿಟ್ಟಿಲ್ಲ, ಅಳೂ ಇಲ್ಲ, ಇನ್ನೊಂದ ರೊಟ್ಟಿ ಒಲ್ಲೆ ಅಂದಂಗ ಅಂದ್ಲು. ಗಂಟ ನನ್ನ ಕೈಯಾಗಿಟ್ಟು "ಇದು ಯಾವ ನೀರಿಂದೋ ಆ ನೀರಿಗೆ ಮುಟ್ಟಿಸು. ಒಣಗಿಸಿ ಕುಟ್ಟಿದವರು ನೀವು. ಉಳದಷ್ಟರ ಮನಿಗೆ ಹೋಗಲಿ. ವಿಜಿಗೆ ಟಪಾಲ ಹಾಕು" ಅಂದ್ಲು.

ಗಂಟ ಹಿಡಕೊಂಡ ಮನಿಗೆ ಬಂದೆ. ಈಗ ಅದು ನನ್ನ ದಿಂಬಿನ ಬಾಜೂಕ ಐತಿ. ಇಷ್ಟ ಹಗರ ಐತಿ ಅಂದ್ರ, ಕೈಯಾಗ ಇದ್ದದ್ದ ಗೊತ್ತಾಗಂಗಿಲ್ಲ. ಏನ ಮಾಡ್ಲಿ, ಬರಿ.

ಸತ್ತೆವ್ವ

*

ರಾಮೇಶ್ವರದ ದಂಡಿ
11 ಸೆಪ್ಟೆಂಬರ್ 2024

ಆಯಿ,

ಸಣ್ಣ ಕಾಗದ. ಈಗ ತೆಪ್ಪ ಹೊಂಟೈತಿ.

ಗಂಟ ಕಳಿಸು. ಆ ಹಾವಸಿ ಕಿತ್ತ ಜಾಗಾ ನನಗ ಗೊತ್ತೈತಿ. ದಂಡಿಯಿಂದ ಎರಡನೇ ಬಂಡೆ ದಾಟಿದ್ರ ನೀರ ಎದಿಮಟಾ ಬರತೈತಿ, ಅಲ್ಲೆ. ನಾನ ಮುಳುಗಿ ತಳಕ್ಕ ಬಿಟ್ಟ ಬರತೇನಿ. ಅದು ಇನ್ನ ಬದಕಂಗಿಲ್ಲ ಅಂತ ನನಗ ಗೊತ್ತು. ಆದ್ರೂ ಬಿಡತೇನಿ. ಎರಡ ವರ್ಷದಾಗ ಎಷ್ಟ ಮೂಟಿ ಹಾವಸಿ ಬೀಸೇನಿ, ಒಂದ ಎಳೀನೂ ತಿರುಗಿ ಕೊಟ್ಟಿಲ್ಲ.

ಆದ್ರ ಒಂದ ಕೇಳು. ನಾ ಬಿಟ್ರ ನಡೀತೈತೇನ, ಇಲ್ಲ ಸೋಸಿದವರ ಬಿಡಬೇಕೇನ? ಅವರ ಪದ್ಧತಿ ನನಗ ಗೊತ್ತಿಲ್ಲ. ಇನ್ನೊಮ್ಮೆ ತಪ್ಪ ಆಗೂದು ಬ್ಯಾಡ. ಪದ್ಮಕ್ಕಾಯಿನ್ನ ಕೇಳಿ ಬರಿ.

ಬೆಳಗಾವಿ ಮಾತ ಬಿಡಬ್ಯಾಡ ಆಯಿ. ದಿನ ಹೊಂಟಾವ.

ವಿಜಿ

*

ಬೆಳಗಾವಿ, ದವಾಖಾನಿ ಬಾಕ ಮ್ಯಾಲ ಕುಂತು
20 ಸೆಪ್ಟೆಂಬರ್ 2024

ವಿಜಿ,

ನಿನ್ನ ಕಾಗದ ಓದಿ, ಗಂಟ ಹಿಡಕೊಂಡು ಹಂಗಾ ಚಪ್ಪಲಿ ಇಲ್ಲದ ಎದರ ಮನಿಗೆ ಹ್ವಾದೆ. ಕೇಳಿದೆ.

"ಯಾರ ಬಿಟ್ರೂ ನಡೀತೈತಿ" ಅಂದ್ಲು.

"ನಿಮ್ಮವ್ವ ಊರ ಬಿಡೂ ದಿನ ಯಾರ ಕೈಯಾಗರ ಕೊಟ್ಟ ಕಳಿಸಿದ್ಲೇನ? ಗಾಡಿ ಹೊಡಿಯಾಂವ ಖಾಲಿ ನಿಂತಿದ್ದ" ಅಂದೆ.

ಎದ್ದ ಒಳಗ ಹೊಂಟ್ಲು. ನಾ ಸೆರಗ ಹಿಡದ ಕುಂಡ್ರಿಸಿದೆ.

"ಆವತ್ತ ಅಕಿಗೆ ಮೈಯಾಗ ಜ್ವರ ಇತ್ತು. ಗ್ವಾಡಿ ಹಿಡಕೊಂಡ ಇಳದ್ಲು, ಗ್ವಾಡಿ ಹಿಡಕೊಂಡ ಹತ್ತಿದ್ಲು. ನಾನೂ ನೀನೂ ಮ್ಯಾಲ ನಿಂತ ನೋಡಿದ್ವಿ."

"ನನಗ ನೆನಪೈತಿ" ಅಂದ್ಲು.

"ಹಂಗಾದ್ರ ಕೇಳು. ಟಪಾಲಿಗೆ ನಾ ಹಾಕಂಗಿಲ್ಲ. ಹುಕ್ಕೇರಿಯಿಂದ ರಾಮೇಶ್ವರ ತನಕ ಎಷ್ಟ ಮಂದಿ ಅದರ ಮ್ಯಾಲ ಠಸ್ಸೆ ಹೊಡೀತಾರ ಗೊತ್ತೈತೇನ? ನಿನ್ನ ಎಣಸಲಾರದ ಜೀವದ ಮ್ಯಾಲ, ಧಡ್ ಧಡ್ ಅಂತ. ಸೋಸಿದಾಕಿ ನೀ. ನೀನ ಒಯ್ದು ಬಿಡು."

"ರಾಮೇಶ್ವರಕ್ಕ? ನಾನು? ಬಸದಿಗೆ ಹೋಗಿ ಬಂದ್ರ ತೇಕ ಬರತೈತಿ."

"ತೇಕ ಬರದಂಗ ಏನ ಮಾಡಬೇಕಂತ ಬೆಳಗಾವಿಯವರನ್ನ ಕೇಳೂಣು ನಡಿ" ಅಂದು ಗಂಟನ್ನ ಅಕಿ ಮಡಲಾಗ ಹಾಕಿ ಬಂದೆ. ಹಿಂದಿಂದ "ನೀ ಭಾಳ ಕೆಟ್ಟಾಕಿ ಸತ್ತಿ" ಅಂತ ಒದರಿದ್ಲು. ಕಿವಿ ಕೇಳದವರಂಗ ಹೊಂಟೆ.

ನಾಕ ದಿನ ಮಾತಿಲ್ಲ. ಐದನೇ ದಿನ ಮುಂಜಾನಿ ಗೊಮ್ಮಟೇಶ ಗಾಡಿ ಚಾಲೂ ಮಾಡಿದ್ದ. ಇಕಿ ತಲಿಗೆ ಅರಿವಿ ಸುತಗೊಂಡು ಹಿಂದಿನ ಸೀಟಿನ್ಯಾಗ ಕುಂತಿದ್ಲು. ಬಾಜೂಕ ಜಾಗಾ ಬಿಟ್ಟಿದ್ಲು. ನನ್ನ ಮಾರಿ ನೋಡದ "ಬಾಗಲಾ ಹಾಕು, ಗಾಳಿ ಬರತೈತಿ" ಅಂದ್ಲು.

ಡಾಕ್ಟರವ್ವ ನಿನ್ನ ವಾರಿಗಿಯಾಕಿ. ಎಲ್ಲಾ ಹೇಳಿದೆ, ಹಾಳಿ ಕೆರದದ್ದು, ಕುಟ್ಟಿದ್ದು, ಬೆಕ್ಕು, ಎಲ್ಲಾ. ಮೊದಲ ಬೈದ್ಲು, ಛಲೋತ್ನಾಗೆ ಬೈದ್ಲು, ನಾನೂ ಅಂಥಾ ಬೈಗಳ ಕಲತಿದ್ದಿಲ್ಲ. ಆಮ್ಯಾಲ ಬೆಕ್ಕ ಹ್ಯಾಂಗ ಐತಿ ಅಂತ ಕೇಳಿದ್ಲು.

ಬೆಳಗಾವಿಗೆ ಹೋಗತಾಳ ಅಂತ ಸುಳ್ಳ ಬರದಿದ್ದೆ, ನಿನಗ ಈ ಸಲ ಏನೂ ಮುಚ್ಚಂಗಿಲ್ಲ. ಸಣ್ಣ ಆಗಿದ್ದ ಗಂಟ ಮತ್ತ ದಪ್ಪ ಆಗೈತಿ. ಮೂರ ಸಲ ತಪ್ಪಿಸಿದ್ದಕ್ಕ ಮತ್ತ ಮೊದಲಿಂದ ವಿಚಾರ ಮಾಡಬೇಕಂತ. ಎಷ್ಟ ಸಲ ಅಂತ ಈಗ ಹೇಳಂಗಿಲ್ಲಂತ. ವಾಸಿ ಆಗತೈತಿ ಅಂತನೂ ಅನ್ನಲಿಲ್ಲ, ಇಲ್ಲ ಅಂತನೂ ಅನ್ನಲಿಲ್ಲ. ಅದು ನನ್ನ ಕೈಲೆ ಆದದ್ದು. ಯಾರ ಏನ ಹೇಳಿದ್ರೂ ಅದನ್ನ ಸೋಸಿ ತಗಿಯಾಕ ಬರಂಗಿಲ್ಲ.

ಈಗ ಅಕಿಗೆ ಸಲಾಯಿನ್ ಹಚ್ಯಾರ. ಅಕಿ ಮಲಗ್ಯಾಳ. ಹನಿ ಬೀಳೂದು ನೋಡಕೋತ ಕುಂತೇನಿ. ನೋಡಿ ನೋಡಿ ನನಗೂ ಮಂಪರ ಬಂದಿತ್ತು. ಬಾಟ್ಲಿಯೊಳಗ ನಮ್ಮ ಊರ ಕಾಣಸ್ತು, ಬಾವಿ, ಗಾಡಿ, ಗಾಡಿ ಮ್ಯಾಲ ನಾವಿಬ್ಬರು ಹರೇದಾಕ್ಯಾರು. ಅವರವ್ವ ಮೆಟ್ಟಲ ಹತ್ತಿ ಬರೂದನ್ನ ಕಾಯಕೋತ ಕುಂತಿದ್ವಿ. ಗಾಡಿ ಹೊಡಿಯಾಂವ ಅವಸರ ಮಾಡತಿದ್ದಿಲ್ಲ.

ಎದ್ದ ನೋಡಿದ್ರ ಪದ್ಮಿ ಕಣ್ಣ ಬಿಟ್ಟು ನನ್ನ ನೋಡಾಕತ್ತಿದ್ಲು. "ಚಾತುರ್ಮಾಸದಾಗ ನಾ ಎಲ್ಲೂ ಬರಾಕಿ ಅಲ್ಲ" ಅಂದ್ಲು. "ನಿನ್ನ ಯಾರ ಕರದ್ರು ಈಗ? ದೀಪಾವಳಿ ಆಗಲಿ, ಸಂಕ್ರಾಂತಿ ಆಗಲಿ, ಈ ದವಾಖಾನಿಯವರು ಬಿಡಲಿ" ಅಂದೆ. ಗಂಟ ಅಕಿ ಸೆರಗಿನ ತುದಿಗೆ ಕಟ್ಟೈತಿ. ಸೂಜಿ ಇಲ್ಲದ ಕೈಲೆ ಅದನ್ನ ಹಿಡಕೊಂಡಾಳ.

ಅಕಿ ಒಂದ ಕೇಳಾಕತ್ತಾಳ, ಅಕಿ ಹೇಳಿದಂಗ ಬರೀತೇನಿ. ನೀ ಹೇಳಿದ ಆ ಎರಡನೇ ಬಂಡೆ ತನಕ ಹೋಗೂ ಹಾದಿಯಾಗ ಕಲ್ಲಿನ ಮ್ಯಾಲ ಹಾವಸಿ ಐತೇನಂತ. ಇದ್ರ, ಬಳಸಿ ಇಳಿಯಾಕ ಬ್ಯಾರೆ ಹಾದಿ ಹುಡಿಕಿ ಇಡು ಅಂದಾಳ. ನಾ ಆಗ್ಲಿ ಅಂದೇನಿ. ನನ್ನವು ಇನ್ನ ಆರ ಹಲ್ಲ ಉಳದಾವ.

ಸತ್ತೆವ್ವ